ಆಲ್ ಅಲ್ಲ, ಎನಿ!
ಜಯನಗರದಲ್ಲಿ ಮಳೆ. ಬಿಲ್ಡ್ ಮುಗಿಯುವಷ್ಟರಲ್ಲಿ ಎರಡು ಬೈಟು ಕಾಫಿ ಆಗುತ್ತೆ, ಆ ಬಿಡುವಿನಲ್ಲಿ ಇದು.

ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ಗೆ ಪೈಥಾನ್ ಪ್ಯಾಕೇಜ್ ಮಾಡುವಾಗ ಒಳಗೆ ಒಂದೇ ಒಂದು ಸಿ ಮಾಡ್ಯೂಲ್ ಇದ್ದರೂ ಪ್ಯಾಕೇಜಿನ ವಿವರ ಇರುವ ಕಂಟ್ರೋಲ್ ಫೈಲಿನಲ್ಲಿ ಆರ್ಕಿಟೆಕ್ಚರ್ 'ಎನಿ' ಆಗಿರಬೇಕು, ಅಂದ್ರೆ ಪ್ರತಿ ಬಗೆಯ ಪ್ರೊಸೆಸರಿಗೂ ಬೇರೆ ಬೇರೆ ಕಟ್ಟಬೇಕು. 'ಆಲ್' (ಎಲ್ಲಕ್ಕೂ ಒಂದೇ) ಅಂತ ಬಿಟ್ಟರೆ ಇಂಟೆಲ್ ಯಂತ್ರದಲ್ಲಿ ಕಟ್ಟಿದ ಫೈಲು ಆರ್ಮ್ ಯಂತ್ರಕ್ಕೂ ಹೋಗಿ ಕೂರುತ್ತೆ. ಇನ್‌ಸ್ಟಾಲ್ ಸಲೀಸು, ಇಂಪೋರ್ಟ್ ಮಾಡಿದಾಗಲೇ ಬಣ್ಣ ಬಯಲು. ಬೇಕಾದ ಇತರ ಪ್ಯಾಕೇಜುಗಳನ್ನ ಹೇಳುವ ಡಿಪೆಂಡ್ಸ್ ಸಾಲಿಗೆ ಪೈಥಾನ್3 ಜೊತೆ ಶ್‌ಲಿಬ್ಸ್ ವೇರಿಯಬಲ್ಲೂ ಬೇಕು, ಇಲ್ಲದಿದ್ದರೆ ಸಿ ಲೈಬ್ರರಿಗಳ ಅವಲಂಬನೆ ದಾಖಲಾಗೋದೇ ಇಲ್ಲ.

ನಿಜವಾದ ತಲೆನೋವು ಸೈಥಾನ್, ಪೈಥಾನ್ ತರಹದ ಕೋಡನ್ನ ಸಿ ಕೋಡಾಗಿಸುವ ಸಾಧನ. ಮೂಲ ಕೋಡ್ ತುಂಬಿದ ಟಾರ್‌ಬಾಲ್‌ನಲ್ಲಿ ಎಷ್ಟೋ ಸಲ ಮೊದಲೇ ತಯಾರಾದ ಸಿ ಫೈಲು ಇರುತ್ತೆ. ಹಳೇ ಸೈಥಾನ್ ಬರೆದದ್ದು. ಪೈಥಾನ್ 3.12ರಲ್ಲಿ ಪೂರ್ಣಾಂಕದ ಒಳರಚನೆ ಬದಲಾಗಿದ್ದರಿಂದ ಅದು 'ಓಬಿ ಡಿಜಿಟ್ ಇಲ್ಲ' ಅಂತ ಕಂಪೈಲ್ ಹಂತದಲ್ಲೇ ಬೀಳುತ್ತೆ. ಪ್ಯಾಚ್ ಹಾಕಲು ಹೋಗಬೇಡಿ. ಆ ಫೈಲು ಅಳಿಸಿ, ಬಿಲ್ಡ್ ಡಿಪೆಂಡ್ಸ್‌ಗೆ ಸೈಥಾನ್ ಸೇರಿಸಿ, ಹೊಸದಾಗಿ ಹುಟ್ಟಿಸಿ.

ಟೆಸ್ಟ್‌ಗಳನ್ನ ಸೋರ್ಸ್ ಫೋಲ್ಡರಿನಲ್ಲೇ ಓಡಿಸಿದರೆ ಕಂಪೈಲ್ ಆಗದ ಪ್ರತಿಯೇ ಇಂಪೋರ್ಟ್ ಆಗಿ 'ಮಾಡ್ಯೂಲ್ ಸಿಗಲಿಲ್ಲ' ಅನ್ನುತ್ತೆ. ಡೆಬಿಯನ್‌ನ ಬಿಲ್ಡ್ ಸಾಧನ ಪೈಬಿಲ್ಡ್ ತನ್ನ ಬಿಲ್ಡ್ ಫೋಲ್ಡರಿಗೆ ಹೋಗಿ ಓಡಿಸುತ್ತೆ, ಅದಕ್ಕೇ ಬಿಡಿ.

ಇನ್ನೊಂದು: ಸೆಟಪ್ ಫೈಲಿನಲ್ಲಿ 'ಮಾರ್ಚ್ ನೇಟಿವ್' (ಕಟ್ಟುವ ಯಂತ್ರದ ಪ್ರೊಸೆಸರಿಗೇ ಹೊಂದಿಸು ಅನ್ನೋ ಆಯ್ಕೆ) ಕಂಡರೆ ಮೊದಲು ಕಿತ್ತು ಹಾಕಿ. ನಮ್ಮ ಅಳತೆಗೆ ಹೊಲಿಸಿದ ಅಂಗಿಯನ್ನ ಊರಿಗೆಲ್ಲ ಹಂಚಿದ ಹಾಗೆ ಅದು. ಹಳೇ ಪ್ರೊಸೆಸರ್ ಇರುವವರಿಗೆ ಸಿಗೋದು 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಷ್ಟೇ. ನಮ್ಮ ಲ್ಯಾಪ್‌ಟಾಪಲ್ಲಿ ಓಡಿತು ಅನ್ನೋ ಮಾತಿಗೆ ಎಷ್ಟು ಕಡಿಮೆ ಬೆಲೆ ನೋಡಿ.

ಸರಿ, ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಬೈಯೋಕೆ ಶುರು ಮಾಡಿದೆ.