ನಡು ಹೊಳೆಯಲ್ಲಿ ಠುಸ್ಸೆಂದರೆ?

"ನಡು ಹೊಳೆಲಿ ಠುಸ್ಸಂದ್ರೆ ಎಂತ ಮಾಡುದು ಭಾವ?"

ತಂಗಿಯ ಗಂಡ ಇದನ್ನು ಮೊದಲು ಕೇಳಿದ್ದು ನಮ್ಮ ಚಾವಡಿಯಲ್ಲಿ, ನಾನು ಇಸ್ತ್ರಿಪೆಟ್ಟಿಗೆ ಹಿಡಿದು ನೆಲದಲ್ಲಿ ಮಂಡಿಯೂರಿದ್ದಾಗ. ಆಮೇಲೆ ಪೆರ್ಲದ ಹೋಟೆಲಿನಲ್ಲಿ ತುಳುವಿನಲ್ಲಿ ಕೇಳಿದರು. ಬದಿಯಡ್ಕದ ಬಸ್ಸಿನಲ್ಲಿ ಕಂಡಕ್ಟರು ನನ್ನ ಬೆನ್ನಚೀಲವನ್ನು ಒತ್ತಿ ನೋಡಿ, ಒಳಗಿರುವುದು ದೋಣಿ ಎಂದು ಗೊತ್ತಾದ ಕೂಡಲೇ ಮಲಯಾಳದಲ್ಲಿ "ಪೊಟ್ಟಿಯಾಲೋ?", ಒಡೆದರೆ, ಎಂದರು. ನಮ್ಮ ಕಾಸರಗೋಡಿನ ಗಡಿನಾಡಿನಲ್ಲಿ ಭಾಷೆ ಎಷ್ಟಿದ್ದರೂ ಪ್ರಶ್ನೆ ಒಂದೇ. ಪ್ರತಿ ಸಲ ಅರ್ಧಂಬರ್ಧ ಉತ್ತರ ಹೇಳಿ ಸಾಕಾಗಿದೆ, ಹಾಗಾಗಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ವಸ್ತು ಯಾವುದೆಂದು ಮೊದಲು ಹೇಳಬೇಕು. ಪ್ಯಾಕ್‌ರಾಫ್ಟ್ ಎಂದರೆ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದಾದ, ಗಾಳಿ ತುಂಬುವ ಒಬ್ಬರ ದೋಣಿ. ನನ್ನದು ಎರಡೂವರೆ ಕೆಜಿ ಚಿಲ್ಲರೆ ತೂಗುತ್ತದೆ. ಹೊಳೆಯವರೆಗೆ ನಡೆದು ಹೋಗಿ, ಗಾಳಿ ತುಂಬಿ, ಇಳಿದು, ಆಚೆ ದಡದಲ್ಲಿ ಗಾಳಿ ಬಿಟ್ಟು ಮಡಚಿ ಮತ್ತೆ ನಡೆಯುವುದು. ಹೊಳೆಗಳಿಗೆ ಬರವಿಲ್ಲದ ಜಿಲ್ಲೆ ನಮ್ಮದು. ತಲಕಾವೇರಿಯ ಬೆಟ್ಟಸಾಲಿನಿಂದ ಸುಳ್ಯದ ಮೇಲೆ ಇಳಿದು ಬರುವ ಪಯಸ್ವಿನಿ ಇಲ್ಲಿ ಚಂದ್ರಗಿರಿಯಾಗುತ್ತದೆ, ಶಿರಿಯಾ ಇದೆ, ಬರೀ 16 ಕಿಲೋಮೀಟರಿನ ಮಂಜೇಶ್ವರ ಹೊಳೆಯೂ ಇದೆ. ಆದರೆ ತೋಟದ ಅಂಚಿನಲ್ಲಿ ನಿಂತು ನೋಡುವುದು ಬಿಟ್ಟರೆ ನಮ್ಮಂಥವರಿಗೂ ಹೊಳೆಗೂ ಒಡನಾಟ ಎಲ್ಲಿದೆ? ರೆಡಿಮೇಡ್ ತರಿಸಬಹುದಿತ್ತು. ಸಾಗಣೆ, ಸುಂಕ ಎಲ್ಲ ಲೆಕ್ಕ ಹಾಕಿದಾಗ ಆ ವರ್ಷದ ಅಡಕೆಯ ಮುಖ ನೆನಪಾಗಿ ಸುಮ್ಮನಾದೆ. ಬಟ್ಟೆ ಮತ್ತು ವಾಲ್ವ್ ಮಾತ್ರ ತರಿಸಿದೆ.

ಈಗ ಪ್ರಶ್ನೆಗೆ ಬರುತ್ತೇನೆ. ಠುಸ್ಸೆನ್ನುತ್ತದೆ ಎಂದು ಕೇಳುವವರ ಕಣ್ಣ ಮುಂದೆ ಇರುವುದು ಬಲೂನು, ಇಲ್ಲವೇ ಬೈಕಿನ ಟಯರು. ಬಲೂನು ಹಿಗ್ಗಿ ಹಿಗ್ಗಿ ತೆಳ್ಳಗಾಗಿರುತ್ತದೆ, ಸೂಜಿ ತಾಗಿದರೆ ಇಡೀ ಹರಿಯುತ್ತದೆ. ಈ ಬಟ್ಟೆ ಹಿಗ್ಗುವುದೇ ಇಲ್ಲ. ಒಂದು ಮೈಯಲ್ಲಿ ಟಿಪಿಯು ಎಂಬ ಪ್ಲಾಸ್ಟಿಕ್ ಲೇಪನವಿರುವ ನೈಲಾನ್ ಅದು, ಗಾಳಿಕೊಳವೆಗೆ 210 ಡೆನಿಯರ್, ತಳಕ್ಕೆ 420. ಡೆನಿಯರ್ ಎಂದರೆ ನೂಲಿನ ತೂಕದ ಅಳತೆ, ತಳದ ನೂಲು ಎರಡರಷ್ಟು ಭಾರ. ಇನ್ನು ಒತ್ತಡದ ಮಾತು. ಕಾರಿನ ಟಯರಿಗೆ 30 ಪಿಎಸ್‌ಐ ಹೊಡೆಸುತ್ತೇವೆ. ನನ್ನ ದೋಣಿಗೆ ಬಾಯಲ್ಲಿ ಊದಿ ಗಟ್ಟಿ ಮಾಡಿದರೆ 1 ಪಿಎಸ್‌ಐ ಆಸುಪಾಸು, ಎರಡಕ್ಕೆ ಹೋದರೆ ಬಹಳವಾಯಿತು.

ಅಡಕೆ ತೋಟದವನಿಗೆ ಲೆಕ್ಕ ಬಿಡಲಾಗುವುದಿಲ್ಲ. ಕೊಳವೆಯ ದಪ್ಪ 28 ಸೆಂಟಿಮೀಟರ್, ಸುತ್ತಲೂ ಹೆಚ್ಚುಕಡಿಮೆ 5 ಮೀಟರ್ ಉದ್ದ. ಅಂದರೆ ಒಳಗೆ 300 ಲೀಟರ್ ಗಾಳಿ. ನನ್ನ ತೂಕ 68 ಕೆಜಿ, ಚೀಲ, ಹುಟ್ಟು, ಬುತ್ತಿ ಸೇರಿದರೂ 80. ಒಂದು ಕೆಜಿ ತೇಲಿಸಲು ಸುಮಾರು ಒಂದು ಲೀಟರ್ ಗಾಳಿ ಸಾಕು, ಹಾಗಾಗಿ ಬೇಕಾದ್ದರ ಮೂರು ಪಟ್ಟಿಗಿಂತ ಹೆಚ್ಚು ಗಾಳಿ ಅಲ್ಲಿದೆ. ಅದರಲ್ಲಿ ದೋಣಿಯನ್ನು ಬಿಗಿಯಾಗಿಸುವ ಹೆಚ್ಚುವರಿ ಗಾಳಿ ಬರೀ 20 ಲೀಟರಿನಷ್ಟು. ತೂತಾದರೆ ರಭಸದಿಂದ ಹೋಗುವುದು ಆ 20 ಲೀಟರ್ ಮಾತ್ರ. ಉಳಿದದ್ದು ನಾವು ಹಿಂಡಿದಷ್ಟೇ ಹೋಗುತ್ತದೆ.

ಇದು ಕಾಗದದ ಲೆಕ್ಕವಲ್ಲ. ಕಳೆದ ಜನವರಿಯಲ್ಲಿ ಆದೂರಿನ ಕೆಳಗೆ ಪಯಸ್ವಿನಿಯಲ್ಲಿ ಬಿದಿರ ಮೆಳೆಯೊಂದಕ್ಕೆ ಉಜ್ಜಿಕೊಂಡು ಹೋದೆ. ಮುಳ್ಳು ಹೊಕ್ಕಿದ್ದು ನನಗೆ ಗೊತ್ತೇ ಆಗಲಿಲ್ಲ. ಹತ್ತು ನಿಮಿಷ ಕಳೆದ ಮೇಲೆ ಮೊಣಕೈ ಇಟ್ಟ ಕಡೆ ಕೊಳವೆ ಹಳೆ ಬದನೆಕಾಯಿಯ ಹಾಗೆ ಕುಳಿ ಬೀಳತೊಡಗಿತು. ಹುಟ್ಟು ಹಾಕಿದರೆ ದೋಣಿ ಮುಂದೆ ಹೋಗುವ ಬದಲು ನಡು ಬಗ್ಗಿಸುತ್ತಿತ್ತು. ಆದರೂ ತೇಲುತ್ತಿತ್ತು. ನಿಧಾನಕ್ಕೆ ದಡ ಸೇರಿ, ಒರೆಸಿ ಒಣಗಿಸಿ, ರೂಪಾಯಿ ಅಗಲದ ತೇಪೆ ಅಂಟಿಸಿ ಮತ್ತೆ ಹೊರಟೆ. ಬಟ್ಟೆಯಲ್ಲಿ ತೂತಾದರೆ ಆಗುವುದು ಇಷ್ಟು.

ಹಾಗಾದರೆ ಒಡೆಯುವುದೇ ಇಲ್ಲವೇ? ಒಡೆಯುತ್ತದೆ. ನನ್ನದು ಒಮ್ಮೆ ಒಡೆದಿದೆ. ಹೊಳೆಯಲ್ಲಲ್ಲ, ದಡದಲ್ಲಿ, ಬಟ್ಟೆಯಲ್ಲಲ್ಲ, ಬೆಸುಗೆಯಲ್ಲಿ.

ಈ ದೋಣಿಗೆ ಹೊಲಿಗೆ ಇಲ್ಲ. ಎರಡು ತುಂಡುಗಳ ಅಂಚನ್ನು ಒತ್ತಟ್ಟಿಗೆ ಇಟ್ಟು, ಒಳಮೈಯಿಂದ ಅದೇ ಬಟ್ಟೆಯ ಪಟ್ಟಿಯನ್ನು ಲೇಪನಕ್ಕೆ ಲೇಪನ ತಾಗುವ ಹಾಗೆ ಮಲಗಿಸಿ ಇಸ್ತ್ರಿಪೆಟ್ಟಿಗೆ ಒತ್ತಬೇಕು. ಲೇಪನ ಕರಗಿ ಎರಡೂ ಒಂದಾಗಬೇಕು, ನೈಲಾನ್ ಮಾತ್ರ ಕರಗಬಾರದು. ಸಾಮಾನ್ಯ ನೈಲಾನ್ ಕರಗುವುದು 220 ಡಿಗ್ರಿಯ ಸುಮಾರಿಗೆ. ಟಿಪಿಯು ಅದಕ್ಕಿಂತ ಮೊದಲೇ ಸೋಲುತ್ತದೆ. ಆ ಎರಡರ ನಡುವಿನ ಸಂದಿಯಲ್ಲಿ ನಮ್ಮ ಕೆಲಸ. ಇಸ್ತ್ರಿಪೆಟ್ಟಿಗೆಯ ತಿರುಗಣೆಯ ಮೇಲೆ ಬರೆದ ರೇಷ್ಮೆ, ಹತ್ತಿ ಎಂಬುದನ್ನೆಲ್ಲ ನಂಬಿ ಫಲವಿಲ್ಲ. ತುಂಡು ಬಟ್ಟೆ ಸುಟ್ಟು ಸುಟ್ಟು ಕಲಿಯಬೇಕು. ನಾನು ಮೂರು ದಿನ ಬರೀ ತುಂಡು ಸುಟ್ಟೆ, ಅಮ್ಮನಿಗೆ ವಾಸನೆಯಿಂದ ತಲೆನೋವು ಬಂತು.

ಬೆಸುಗೆ ಕೂಡಿದೆಯೇ ಎಂದು ತಿಳಿಯುವುದು ಹೀಗೆ. ಒಂದು ಇಂಚು ಅಗಲದ ಎರಡು ಪಟ್ಟಿ ಬೆಸೆದು, ಆರಿದ ಮೇಲೆ ಬಾಳೆಹಣ್ಣಿನ ಸಿಪ್ಪೆ ಸುಲಿಯುವ ಹಾಗೆ ಅಂಚಿನಿಂದ ಎಳೆದು ಬಿಡಿಸಿ. ಎರಡೂ ಕಡೆ ಹೊಳಪು ಹಾಗೇ ಉಳಿದು ಸಲೀಸಾಗಿ ಬಿಟ್ಟುಕೊಂಡರೆ ಅದು ಅಂಟಿದ್ದಷ್ಟೇ, ಕೂಡಿದ್ದಲ್ಲ. ಚೆನ್ನಾಗಿ ಕೂಡಿದ್ದರೆ ಬಿಡಿಸುವಾಗ ಲೇಪನ ಬಟ್ಟೆಯನ್ನೇ ಬಿಟ್ಟು ಎದ್ದುಬರುತ್ತದೆ, ಕೆಳಗೆ ನೈಲಾನಿನ ಬರೀ ನೇಯ್ಗೆ ಕಾಣುತ್ತದೆ. ಹಾಗೆ ಬೆಸೆದ ಇನ್ನೊಂದು ಪಟ್ಟಿಯನ್ನು ಹಟ್ಟಿಯ ಜಂತಿಗೆ ಕಟ್ಟಿ 15 ಲೀಟರಿನ ಬಾಲ್ದಿ ತುಂಬ ನೀರು ತೂಗುಹಾಕಿದೆ. ರಾತ್ರಿಯಿಡೀ ಕದಲಲಿಲ್ಲ. 28 ಸೆಂಟಿಮೀಟರ್ ಕೊಳವೆಗೆ 2 ಪಿಎಸ್‌ಐ ತುಂಬಿದರೂ ಒಂದು ಇಂಚು ಬೆಸುಗೆಯ ಮೇಲೆ ಬೀಳುವ ಎಳೆತ 5 ಕೆಜಿ. ಬಾಲ್ದಿಯ ಮೂರನೇ ಒಂದು ಪಾಲು.

ನೇರಕ್ಕೆ ಎಳೆದರೆ ಹಗ್ಗದಂತಿರುವ ಬೆಸುಗೆ ಸುಲಿದರೆ ಸೋಲುತ್ತದೆ, ಆದ್ದರಿಂದಲೇ ಪಟ್ಟಿ ಒಳಗಡೆ ಇರಬೇಕು. ಆಗ ಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ. ಹೇಳಲು ಸುಲಭ. ಮೂತಿಯ ತಿರುವಿನಲ್ಲಿ, ಕೈ ತೂರದ ಕಡೆ, ಅಡಕೆ ಮರದ ಸಲಕೆಗೆ ಹಳೆ ಪಂಚೆ ಸುತ್ತಿ ಒಳಗೆ ಆನಿಸಿ ಇಂಚಿಂಚು ಒತ್ತುತ್ತ ಹೋಗುವಾಗ ಬೆನ್ನಿನ ಸ್ಥಿತಿ ಹೇಳತೀರದು. ಆ ತಿರುವಿನಲ್ಲೇ ನಾನು ಜಾರಿದ್ದು. ಸಂಜೆ ಏಳು ಗಂಟೆ, ಊರಿನವರೆಲ್ಲ ಪಂಪು ಹಾಕುವ ಹೊತ್ತು, ಬಲ್ಬು ಕೆಂಪಗಾಗಿತ್ತು. ಇಸ್ತ್ರಿಪೆಟ್ಟಿಗೆ ಬಿಸಿ ಇದೆಯೆಂದು ಕೈಗೆ ಅನಿಸುತ್ತಿತ್ತು, ಸಾಲದಿತ್ತು. ಇನ್ನೊಂದು ಗೇಣು ಮುಗಿಸಿಬಿಡೋಣ ಎಂದು ಮುಗಿಸಿದೆ.

ಆ ಗೇಣೇ ಬಿಟ್ಟುಕೊಂಡದ್ದು. ಮಾರ್ಚ್ ತಿಂಗಳು, ನಮ್ಮ ಕೆಳಗಿನ ಕಟ್ಟದಲ್ಲಿ ನೀರಿತ್ತು. ನಮ್ಮ ಕಡೆ ಮಳೆ ನಿಂತ ಮೇಲೆ ಕಲ್ಲು ಮಣ್ಣು ಹಾಕಿ ಹೊಳೆಗೆ, ತೋಡಿಗೆ ಅಡ್ಡ ಕಟ್ಟ ಕಟ್ಟುತ್ತಾರೆ, ಬೇಸಗೆಯಲ್ಲಿ ತೋಟಕ್ಕೆ ಅದೇ ಆಧಾರ. ದೋಣಿ ಕಲಿಯುವವನಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಬೆಳಿಗ್ಗೆ ತಣ್ಣಗಿನ ನೀರಿನಲ್ಲಿ ಎರಡು ಸುತ್ತು ಹೋಗಿ, ಮೆತ್ತಗಾಯಿತೆಂದು ಮತ್ತೆ ಊದಿ ಬಿಗಿ ಮಾಡಿ, ಹಾಗೆಯೇ ದಡದ ಮುರಕಲ್ಲಿನ ಮೇಲೆ ಎಳೆದಿಟ್ಟು ಊಟಕ್ಕೆ ಹೋದೆ. ಬಿಸಿಲಿಗೆ ಒಳಗಿನ ಗಾಳಿ 25 ಡಿಗ್ರಿ ಏರಿದರೆ 1 ಪಿಎಸ್‌ಐ ಇದ್ದದ್ದು ಎರಡನ್ನು ದಾಟುತ್ತದೆ. ಮಜ್ಜಿಗೆ ಅನ್ನ ಕಲಸುವಾಗ ಕೆಳಗಿನಿಂದ ದೊಡ್ಡ ಹಾವು ಬುಸುಗುಟ್ಟಿದ ಹಾಗೆ ಕೇಳಿತು. ಹೋಗಿ ನೋಡಿದರೆ ಎಡಮೂತಿಯಲ್ಲಿ ಒಂದು ಗೇಣು ಪಟ್ಟಿ ಎದ್ದಿದೆ, ಎರಡೂ ಕಡೆ ಕನ್ನಡಿಯ ಹಾಗೆ ಹೊಳಪು. ನಾನೇ ಪಾಠ ಹೇಳುತ್ತಿದ್ದ ಆ ಹೊಳಪು.

ಬೇರೆಯವರು ಮಾಡಿದ ದೋಣಿಯಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಈಗ ಮಾತ್ರ ನೀರಿಗಿಳಿದ ಮೇಲೆ ಊದಿ ಬಿಗಿ ಮಾಡುತ್ತೇನೆ, ದಡಕ್ಕೆ ಬಂದ ಕೂಡಲೇ ವಾಲ್ವ್ ಸಡಿಲಿಸುತ್ತೇನೆ. ತಿಂಗಳಿಗೊಮ್ಮೆ ಬೆಸುಗೆಗೆಲ್ಲ ಅಂಟುವಾಳದ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುತ್ತೇನೆ. ಸೋಪೂ ಆಗುತ್ತದೆ, ಹಿತ್ತಲಲ್ಲಿ ಮರವಿದ್ದುದರಿಂದ ಅಂಟುವಾಳ.

ಕಂಡಕ್ಟರ ಪ್ರಶ್ನೆಯನ್ನು ನಗೆಯಾಡುವ ಹಾಗೂ ಇಲ್ಲ. ಪೀಟರ್ ಹಾಲ್ಕೆಟ್ ಎಂಬ ಬ್ರಿಟಿಷ್ ನೌಕಾಪಡೆಯ ಅಧಿಕಾರಿ 1840ರ ದಶಕದಲ್ಲಿ ಇಂಥದ್ದೇ ಒಂದನ್ನು ಮಾಡಿದ್ದ. ರಬ್ಬರು ಬಳಿದ ಬಟ್ಟೆಯ ನಿಲುವಂಗಿ, ಊದಿದರೆ ದೋಣಿ, ಊರುಗೋಲು ಹುಟ್ಟಿನ ಹಿಡಿ, ಕೊಡೆಯೇ ಹಾಯಿ. ಕೊಡೆ ಬಿಡದ ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿದೆ! ಅವನ ದೋಣಿಯೊಂದನ್ನು ಜಾನ್ ರೇ ಎಂಬಾತ ಉತ್ತರ ಧ್ರುವದ ಕಡೆಗೂ ಕೊಂಡುಹೋಗಿದ್ದ. ಒಂದು ಕಡೆ ತೂತಾದರೂ ತೇಲಲಿ ಎಂದು ಹಾಲ್ಕೆಟ್ ಆ ನಿಲುವಂಗಿಯೊಳಗೆ ಗಾಳಿಗೆ ನಾಲ್ಕು ಪ್ರತ್ಯೇಕ ಕೋಣೆ ಮಾಡಿದ್ದ. ನನ್ನದರಲ್ಲಿ ಒಂದೇ ಕೋಣೆ. ತೂಕ ಉಳಿಸಲು ಈಗಿನ ಹೆಚ್ಚಿನವು ಹೀಗೆಯೇ. ಹಾಗಾಗಿ ಮೊಣಕಾಲು ನೀರಿನಲ್ಲೂ ಲೈಫ್ ಜಾಕೆಟ್ ಇಲ್ಲದೆ ಕೂರುವುದಿಲ್ಲ.

ನಿಜಕ್ಕೂ ಹೆದರಬೇಕಾದದ್ದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೊಳೆಗೆ ಅಡ್ಡ ಬಿದ್ದ ಮರ. ನೀರು ಕೊಂಬೆಗಳ ನಡುವೆ ನುಗ್ಗಿ ಹೋಗುತ್ತದೆ, ಮನುಷ್ಯ ಅಲ್ಲೇ ಒತ್ತಿ ನಿಲ್ಲುತ್ತಾನೆ. ದೋಣಿ ಒಡೆಯದಿದ್ದರೂ ಅಲ್ಲಿ ಕಥೆ ಮುಗಿಯಿತು. ತುಂಬಿ ಮೇಲಿಂದ ಹರಿಯುವ ಕಟ್ಟವೂ ಹಾಗೆಯೇ. ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ಇದು, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ದೋಣಿ ಅಟ್ಟದ ಮೇಲೆ, ಇಲಿ ಬಾಯಿ ಹಾಕದ ಹಾಗೆ ಡ್ರಮ್ಮಿನೊಳಗೆ.

ಕೇಳುವವರಿಗೆ ಕೊಡಲೆಂದು ಬೆಸೆದ ಪಟ್ಟಿ ಒಂದೆರಡು ಚೀಲದಲ್ಲೇ ಇರುತ್ತವೆ. ಎಳೆದು ನೋಡಿ ಎನ್ನುತ್ತೇನೆ. ಮೊನ್ನೆ ತಂಗಿಯ ಗಂಡ ಬಂದವನು ಎರಡೂ ಕೈಯಲ್ಲಿ ಹಿಡಿದು, ಕಾಲಲ್ಲಿ ಮೆಟ್ಟಿ, ಮುಖ ಕೆಂಪಾಗುವವರೆಗೆ ಎಳೆದ. ಬಿಡಲಿಲ್ಲ. ಹಾಗಾದರೆ ಒಂದು ಸುತ್ತು ಹೋಗಿ ಬರುತ್ತೇನೆ ಎಂದು ಅಂಗಿ ಕಳಚಿದ. ಕಟ್ಟದ ಹತ್ತಿರ ದೋಣಿಗೆ ಗಾಳಿ ತುಂಬಿ ಹಿಡಿದು ನಿಂತೆ. ಅವನು ಹತ್ತಲಿಲ್ಲ.

"ಅಲ್ಲ ಭಾವ, ಆ ಕರೆಂಟು ಸಣ್ಣ ಇದ್ದಾಗ ಇಸ್ತ್ರಿ ಹಾಕಿದ್ದು ಯಾವ ಸೈಡು?"

ಎಡಮೂತಿ ತೋರಿಸಿದೆ. ಈಗ ಅಲ್ಲಿ ಎರಡು ಪದರ ಪಟ್ಟಿ ಇದೆ. ಅವನು ಅದನ್ನು ಹೆಬ್ಬೆರಳಿನಿಂದ ಮೂರು ಸಲ ಉಜ್ಜಿ ನೋಡಿ, ಲೈಫ್ ಜಾಕೆಟಿನ ಪಟ್ಟಿ ಇನ್ನೊಂದು ಸಲ ಬಿಗಿದುಕೊಂಡು, ಬಲಗಡೆಗೆ ವಾಲಿ ಕೂತ.