ಮೂರನೇ ಕೈ ಯಾರ ಕೈಯಾಗ?

ಕಲಬುರಗಿ, 18 ಜನವರಿ 2026, ಭಾನುವಾರ

ಶಹಾಬಾದ್ ಮಾಮಾ, ಅತ್ತೆ ಬಂದು ಹೋದರು. ಇವತ್ತೇ ಹೈದರಾಬಾದಿಗೆ ಹೊರಡಬೇಕಿತ್ತು. ಅಮಾವಾಸ್ಯೆ ಅಂತ ಅತ್ತೆ ಬುಧವಾರಕ್ಕೆ ದೂಡಿದ್ದಾರೆ. ತೊಗರಿ ರಾಶಿ ಇನ್ನೂ ಬಾಕಿ ಇದೆ ಅನ್ನೋದು ಇನ್ನೊಂದು ನೆಪ. ನಿಜವಾದ ಕಾರಣ ಮಾಮಾನ ಹೆದರಿಕೆ.

ಕಿಡ್ನಿಯ ಗಡ್ಡೆಯನ್ನು ರೋಬೋದಿಂದ ತೆಗೀತೀವಿ ಅಂದಿದ್ದಾರೆ ಅಲ್ಲಿಯ ಡಾಕ್ಟರು. ಆ ಮಾತು ಕೇಳಿದಾಗಿನಿಂದ ಮಾಮಾಗೆ ನಿದ್ದೆ ಇಲ್ಲವಂತೆ. ಕಲ್ಲಿನ ಕಣಿಯಲ್ಲಿ ವರ್ಷಾನುಗಟ್ಟಲೆ ಹಿಟ್ಯಾಚಿ ಓಡಿಸಿದ ಮನುಷ್ಯ! ಚಾ ಲೋಟ ಕೆಳಗಿಟ್ಟು ಸೀದಾ ಕೇಳಿದರು.

"ಯಂತ್ರಕ್ಕ ನಾಕು ಕೈ ಅವ ಅಂತಾರ. ಡಾಕ್ಟರಿಗಿ ಎರಡೇ ಅಲ್ಲೇನವಾ? ಉಳಿದ ಎರಡು ಯಾರ ಕೈಯಾಗ ಇರ್ತಾವ?"

ಆಸ್ಪತ್ರೆ ಯಂತ್ರಗಳ ರಿಪೇರಿಯಲ್ಲೇ ದಿನ ಕಳೆಯುವ ನನ್ನನ್ನು ಇಷ್ಟು ಸರಿಯಾದ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಆ ಯಂತ್ರ ಇಲ್ಲ. ಟ್ರೇನಿಂಗಿಗೆ ಹೋದಾಗ ಕನ್ಸೋಲ್ ಮುಂದೆ, ಅಂದರೆ ಡಾಕ್ಟರ್ ಕೂತು ರೋಬೋ ಆಡಿಸುವ ಜಾಗದಲ್ಲಿ ಕೂತು, ಸಣ್ಣ ರಬ್ಬರ್ ರಿಂಗುಗಳನ್ನು ಎತ್ತಿ ಇಟ್ಟ ಅನುಭವ ಇದೆ, ಅಷ್ಟೇ. ಆದರೂ ಡಾ ವಿಂಚಿ ಅನ್ನುವ ಆಪರೇಷನ್ ರೋಬೋದ ಚಿತ್ರ ಮೊಬೈಲಿನಲ್ಲಿ ತೋರಿಸಿ ಹೇಳಿದೆ. ನಾಲ್ಕರಲ್ಲಿ ಒಂದು ಕ್ಯಾಮೆರಾ ಹಿಡಿದಿರುತ್ತದೆ. ಮೂರರಲ್ಲಿ ಸಾಧನ. ಡಾಕ್ಟರ ಎರಡು ಕೈ ಒಂದು ಸಲಕ್ಕೆ ಎರಡನ್ನೇ ಆಡಿಸುತ್ತವೆ. ಮೂರನೆಯದು ಬೇಕಾದಾಗ ಕಾಲಿನಿಂದ ಒಂದು ಪೆಡಲ್ ತಳ್ಳಬೇಕು. ಆಗ ಒಂದು ಕೈ ಹಳೆಯ ಸಾಧನ ಬಿಟ್ಟು ಮೂರನೆಯದನ್ನು ಹಿಡಿಯುತ್ತದೆ. ಬಿಟ್ಟದ್ದು ಬಿಟ್ಟಲ್ಲೇ ಗಟ್ಟಿಯಾಗಿ ನಿಂತಿರುತ್ತದೆ. ಕ್ಯಾಮೆರಾಕ್ಕೂ ಬೇರೆ ಪೆಡಲ್ ಇದೆ. ಅದನ್ನು ಒತ್ತಿದರೆ ಅದೇ ಕೈಗಳು ಕ್ಯಾಮೆರಾ ತಿರುಗಿಸುತ್ತವೆ.

"ಅಂದ್ರ ಮೂರನೇದು ಜಾಕ್ ಇದ್ದಂಗ. ಎತ್ತಿ ಹಿಡಿಲಾಕ."

ಹೌದು, ಹೆಚ್ಚುಕಡಿಮೆ ಅದೇ. ಒಂದು ಕೈ ಕಿಡ್ನಿಯನ್ನು ಎತ್ತಿ ಹಿಡಿದಿರುತ್ತದೆ. ಉಳಿದೆರಡು ಕೊಯ್ಯುತ್ತವೆ, ಹೊಲಿಯುತ್ತವೆ. ಕಿಡ್ನಿಗೆ ಹೋಗುವ ರಕ್ತವನ್ನು ಕ್ಲಿಪ್ ಹಾಕಿ ಸ್ವಲ್ಪ ಹೊತ್ತು ನಿಲ್ಲಿಸಿರುತ್ತಾರೆ, ಗಡ್ಡೆ ತೆಗೆದು ಬೇಗ ಹೊಲಿದು ಮುಗಿಸಬೇಕು. ಈ ಕೊನೆಯ ಮಾತನ್ನು ನಾನು ಹೇಳಲಿಲ್ಲ. ಅತ್ತೆ ಪಕ್ಕದಲ್ಲೇ ಇದ್ದರು.

ಆಮೇಲೆ ಮಾಮಾ ತಮ್ಮ ಲಿವರ್ ಕಥೆ ತೆಗೆದರು. ಎಡಗೈ ಲಿವರಿನಲ್ಲಿ ಗಾಡಿ ತಿರುಗುವುದು ಮತ್ತು ಆರ್ಮ್, ಅಂದರೆ ಬಕೆಟ್ ಕಡೆಯ ತೋಳು. ಬಲಗೈಯಲ್ಲಿ ಬೂಮ್, ಅಂದರೆ ಗಾಡಿಗೆ ತಾಗಿದ ದೊಡ್ಡ ತೋಳು, ಮತ್ತು ಬಕೆಟ್. ಒಮ್ಮೆ ಮಾಲೀಕರು ಬೇರೆ ಗಾಡಿ ತಂದರಂತೆ. ಅದರಲ್ಲಿ ಬೂಮ್ ಎಡಗೈಗೆ ಬಂದಿತ್ತು. "ತಲಿ ಒಂದು ಹೇಳ್ತದ, ಕೈ ಒಂದು ಮಾಡ್ತದ. ಡಾಕ್ಟರಿಗಿ ಹಂಗಾದ್ರ?"

ಇಲ್ಲಿ ನನಗೆ ಖುಷಿಯಾಯಿತು, ಯಾಕೆಂದರೆ ಎರಡೂ ಯಂತ್ರಗಳ ದೊಡ್ಡ ವ್ಯತ್ಯಾಸ ಇರೋದೇ ಇಲ್ಲಿ. ಹಿಟ್ಯಾಚಿಯಲ್ಲಿ ಲಿವರಿನ ಒಂದೊಂದು ಚಲನೆ ಒಂದೊಂದು ಕೀಲಿಗೆ. ಬಕೆಟ್ ಹಲ್ಲು ನೆಲದ ಮೇಲೆ ನೇರ ಹರಿಯಬೇಕಾದರೆ ಬೂಮ್, ಆರ್ಮ್, ಬಕೆಟ್ ಮೂರನ್ನೂ ಒಟ್ಟಿಗೆ ಹೊಂದಿಸಬೇಕು. ಆ ಲೆಕ್ಕ ಎಲ್ಲಾ ಮಾಮಾನ ತಲೆಯಲ್ಲಿ. ರೋಬೋದಲ್ಲಿ ಡಾಕ್ಟರ ಬೆರಳು ಹೋದ ಕಡೆ ಸಾಧನದ ತುದಿ ಹೋಗುತ್ತದೆ. ಯಾವ ಕೀಲು ಎಷ್ಟು ಬಾಗಬೇಕು ಅನ್ನೋದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕೈ ದೊಡ್ಡದಾಗಿ ಆಡಿದರೂ ಒಳಗೆ ತುದಿ ಸಣ್ಣದಾಗಿ ಆಡುವ ಹಾಗೆ ಮಾಡಬಹುದು. ಕೈ ನಡುಗಿದರೆ ಆ ನಡುಕವನ್ನು ಸೋಸಿ ತೆಗೆಯುತ್ತದೆ. ಮಾಮೂಲಿ ದೂರ್ಬೀನ್ (ಲ್ಯಾಪರೊಸ್ಕೋಪಿ) ಆಪರೇಷನ್ನಿನಲ್ಲಿ ಹೊಟ್ಟೆಯ ತೂತೇ ಸಾಧನಕ್ಕೆ ಆಸರೆ ಆಗಿರುವುದರಿಂದ, ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಆ ಉಲ್ಟಾ ಇಲ್ಲಿಲ್ಲ.

ಆದರೆ ಪೆಡಲ್ ವಿಷಯ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಆಗಿಲ್ಲ. ಎರಡು ಕೈಯ ಕೆಲಸ ತಾನಾಗಿ ಬರುತ್ತದೆ. ಮೂರನೆಯದಕ್ಕೆ ಬಂದ ಕೂಡಲೇ ನೆನಪಿನ ಕೆಲಸ ಶುರು. ಈಗ ಎಡಗೈಯಲ್ಲಿ ಯಾವುದಿದೆ? ಬಿಟ್ಟದ್ದು ಎಲ್ಲಿದೆ, ಪರದೆಯಲ್ಲಿ ಕಾಣುತ್ತಿದೆಯಾ? ಸ್ವಿಟ್ಜರ್ಲೆಂಡಿನ ತಾಂತ್ರಿಕ ವಿಶ್ವವಿದ್ಯಾಲಯ ಇಪಿಎಫ್‌ಎಲ್‌ನಲ್ಲಿ ಎರಡು ಕೈ, ಎರಡು ಕಾಲು ಸೇರಿಸಿ ನಾಲ್ಕನ್ನೂ ಒಟ್ಟಿಗೆ ಓಡಿಸುವ ಪ್ರಯೋಗ ಮಾಡಿದ್ದಾರೆ. ಇದನ್ನು ಹೇಳಿದಾಗ ಮಾಮಾ ಮೂಗು ಮುರಿದರು. "ಕಾಲಿಲೆ ನಾ ಗಾಡಿ ಚೈನ್ ಓಡಿಸೀನಿ. ಓಡಿಸ್ಲಾಕ ಚಲೋ. ನಾಜೂಕಿಂದ ಹಿಡಿಲಾಕ ಆಗಂಗಿಲ್ಲ." ಸಂಶೋಧಕರು ಇವರ ಜೊತೆ ಒಂದು ದಿನ ಕೂರಬೇಕು, ಸುಮ್ನೆ ಹೇಳುತ್ತಿಲ್ಲ.

ಅತ್ತೆಯ ಚಿಂತೆಯೇ ಬೇರೆ. "ಡಾಕ್ಟರ್ ಆ ಊರಾಗೇ ಕುಂದರ್ತಾರೇನು, ಇಲ್ಲಾ ಫೋನ್ ಮ್ಯಾಲೇ ಮಾಡ್ತಾರ?" ಅದೇ ಕೋಣೆಯಲ್ಲಿ, ಟೇಬಲ್ಲಿನಿಂದ ಸ್ವಲ್ಪ ದೂರ ಅಂದೆ. ನಂತರ ಬಾಯಿ ಸುಮ್ಮನಿರಲಿಲ್ಲ. 2001ರ ಸೆಪ್ಟೆಂಬರ್ 7ರಂದು ಮಾರೆಸ್ಕೋ ಅನ್ನುವ ಸರ್ಜನ್ ನ್ಯೂಯಾರ್ಕಿನಲ್ಲಿ ಕೂತು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ ಹೆಂಗಸಿನ ಪಿತ್ತಕೋಶ ತೆಗೆದರು, ಝ್ಯೂಸ್ (ZEUS) ಅನ್ನುವ ರೋಬೋದಿಂದ. ಕೈ ಆಡಿಸಿದ್ದು ಪರದೆಯಲ್ಲಿ ಕಾಣೋಕೆ ತಡವಾಗಿದ್ದು ಸುಮಾರು 155 ಮಿಲಿಸೆಕೆಂಡ್ ಮಾತ್ರ. ನನಗೆ ಇದು ಮೈ ಜುಮ್ಮೆನ್ನುವ ವಿಷಯ. ಅತ್ತೆ ಮಾತ್ರ ಸೆರಗು ಬಾಯಿಗೆ ಹಿಡಿದು, "ಕರೆಂಟ್ ಹೋದ್ರ?" ಅಂದರು. ನಮ್ಮ ಊರಿನವರು ಮೊದಲು ಕೇಳೋದೇ ಇದು, ಅಲ್ವಾ. ಬ್ಯಾಟರಿ ಇರ್ತದ ಅಂದೆ.

ಕೊನೆಗೆ ಮಾಮಾಗೆ ಸ್ವಲ್ಪ ಧೈರ್ಯ ಬಂದದ್ದು ಇನ್ನೊಂದು ಮಾತಿನಿಂದ. ಡಾಕ್ಟರ್ ಕನ್ಸೋಲಿನಿಂದ ತಲೆ ಹೊರಗೆ ತೆಗೆದರೆ ಸೆನ್ಸಾರಿಗೆ ಗೊತ್ತಾಗುತ್ತದೆ. ಸಾಧನಗಳು ಇದ್ದಲ್ಲೇ ನಿಲ್ಲುತ್ತವೆ, ಕೈ ಆಡಿಸಿದರೂ ಕೇಳುವುದಿಲ್ಲ.

"ಹಾಂ, ನಮ್ಮ ಲಾಕ್ ಲಿವರ್. ಎತ್ತಿದ್ರ ಎಲ್ಲಾ ಬಂದ್." ಮುಖ ಸಡಿಲವಾಯಿತು. ಮತ್ತೆ ಬಿಗಿಯಾಯಿತು. "ಕಣಿಯಾಗ ನಾ ಬಕೆಟ್ ನೋಡ್ತಿದ್ದೆ. ಬಾಜೂಕ ಏನದ ಅಂತ ಹೇಳ್ಲಾಕ ಹೆಲ್ಪರ್ ಇರ್ತಿದ್ದ. ಅಲ್ಲಿ ಯಾರು?"

ಇದ್ದಾರೆ. ರೋಗಿಯ ಪಕ್ಕ ಇನ್ನೊಬ್ಬ ಡಾಕ್ಟರ್ ನಿಂತಿರುತ್ತಾರೆ. ಸಾಧನ ಬದಲಿಸುವುದು, ಹೊರಗೆ ಯಂತ್ರದ ತೋಳುಗಳು ಒಂದಕ್ಕೊಂದು ತಾಗದಂತೆ ನೋಡುವುದು, ಎಲ್ಲಾ ಅವರದೇ. "ಅವರ ಹೆಸರೇನು?" ಅಂದರು ಮಾಮಾ. ನನಗೇನು ಗೊತ್ತು! ನಾಳೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕು. ದೊಡ್ಡ ಡಾಕ್ಟರು ಎಷ್ಟು ಆಪರೇಷನ್ ಮಾಡಿದ್ದಾರೆ ಅಂತ ಎಲ್ಲರೂ ಕೇಳುತ್ತಾರೆ. ಪಕ್ಕದಲ್ಲಿ ನಿಲ್ಲುವವರ ಬಗ್ಗೆ ಕೇಳಿದರೆ ಆ ಕಡೆಯವರು ಏನಂದುಕೊಳ್ಳುತ್ತಾರೋ. ಅಂದುಕೊಳ್ಳಲಿ. ಸ್ಕ್ಯಾನ್ ಫೈಲ್ ಬೇರೆ ಸೋಫಾದ ಮೇಲೇ ಬಿಟ್ಟು ಹೋಗಿದ್ದಾರೆ, ಅದನ್ನು ತಲುಪಿಸಬೇಕು, ಬುಧವಾರದ ಒಳಗೆ ಯಾರಾದರೂ ಶಹಾಬಾದ್ ಕಡೆ ಹೋಗುವವರು