ಅವ್ವನ ಇಳಕಲ್ ಸೀರಿ, ಪುಣೆಯ ಲಿಫ್ಟು

ಅವ್ವ ಸೊಲ್ಲಾಪುರ ದಾರಿಯ ರಾತ್ರಿ ಬಸ್ಸಿಗೆ ಪುಣೆಗೆ ಬಂದು ಮೂರನೇ ದಿನ. ಕೊತ್ತಂಬರಿ ತರ್ತೀನಿ ಅಂತ ಕೆಳಗಿಳಿದವಳು ಅರ್ಧ ತಾಸಾದರೂ ಬರಲಿಲ್ಲ. ಹೋಗಿ ನೋಡಿದರೆ ಸಾಮಾನು ಸಾಗಿಸುವ ಲಿಫ್ಟಿನ ಮುಂದೆ ನಿಂತಿದ್ದಳು.

‘ಆ ಕಡಿಂದ ಹೋಗಬಾರ್ದಂತ ಯವ್ವಾ, ಕೆಲಸದಾವ್ರಿಗೆ ಇದ ಲಿಫ್ಟಂತ.’

ಹಾಗೆ ಹೇಳಿದ್ದು ಗೇಟಿನ ಕಾವಲಿನ ಹುಡುಗ. ಯಾರು ಮನೆಯವರು, ಯಾರು ಕೆಲಸದವರು ಅಂತ ಅವನು ಕೇಳಲೇ ಇಲ್ಲ. ಸೀರೆ ನೋಡಿದ, ತೀರ್ಮಾನಿಸಿದ. ನಾನು ಜೀನ್ಸ್ ಹಾಕಿಕೊಂಡು ಮೊದಲ ಸಲ ಇಲ್ಲಿಗೆ ಬಂದಾಗ ಇದೇ ಹುಡುಗ ಎದ್ದು ನಿಂತು ಸಲಾಂ ಹೊಡೆದಿದ್ದ. ಆಗ ನಾನು ಇಲ್ಲಿಯವಳೇ ಅಲ್ಲ, ಬಾಡಿಗೆ ಮನೆ ನೋಡಲು ಬಂದವಳು.

ಅವ್ವ ಉಟ್ಟಿದ್ದು ದಾಳಿಂಬರಿ ಬಣ್ಣದ ಇಳಕಲ್ ಸೀರೆ. ಒಡಲು ಹತ್ತಿಯದು, ಕೆಂಪು ಸೆರಗು ರೇಷ್ಮೆಯದು. ಎರಡರ ಹಾಸಿನ, ಅಂದರೆ ಉದ್ದುದ್ದದ, ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ನೇಯ್ಗೆ. ನಮ್ಮ ಓಣಿಯಲ್ಲಿ ಆ ಕೆಲಸ ನೋಡುತ್ತಲೇ ನಾನು ಬೆಳೆದದ್ದು. ಹಿಂದಿನ ದಿನವಷ್ಟೇ ಇಲ್ಲಿನ ತುಳಶಿಬಾಗ್ ಪೇಟೆಯಲ್ಲಿ ಒಬ್ಬ ಮರಾಠಿ ಅಜ್ಜಿ ಆ ಸೆರಗು ಮುಟ್ಟಿ ನೋಡಿ, ‘ಇರಕಲ್ ನಾ?’ ಅಂತ ಕಣ್ಣರಳಿಸಿದ್ದರು. ಗಣೇಶ ಚೌತಿಗೆ ನಮ್ಮ ಆಫೀಸಿನ ಹುಡುಗಿಯರು ಗುಳೇದಗುಡ್ಡದ ಖಣದ ರವಿಕೆ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಎಲ್ಲರೂ ಹೊಗಳುತ್ತಾರೆ. ಅದೇ ಬಟ್ಟೆ ಬಿಸಿಲಿಗೆ ಕಪ್ಪಾದ ಮೈಮೇಲಿದ್ದರೆ, ಕಾಲಲ್ಲಿ ಸವೆದ ಚಪ್ಪಲಿ ಇದ್ದರೆ, ಇನ್ನೊಂದು ಲಿಫ್ಟಿಗೆ ಕಳಿಸುತ್ತಾರೆ.

2024ರ ಜುಲೈನಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ಬೆಂಗಳೂರಿನ ಮಾಲ್ ಒಂದರೊಳಗೆ ಬಿಡದಿದ್ದಾಗ ಊರೆಲ್ಲ ಸಿಟ್ಟಿಗೆದ್ದಿತ್ತು. ಸರ್ಕಾರ ಆ ಮಾಲ್ ಅನ್ನು 7 ದಿನ ಮುಚ್ಚಿಸಿತು. ಲಿಫ್ಟಿನ ಮುಂದೆ ನಿಂತಾಗ ನನಗೆ ಅದೇ ನೆನಪಾಗಿ ಮೈ ಉರಿಯಿತು. ‘ಇವರು ನನ್ನ ತಾಯಿ, ಕೆಲಸದವರಲ್ಲ’ ಅಂತ ಹುಡುಗನ ಮೇಲೆ ಕೂಗಾಡಿದೆ. ಅವನು ಕೈಮುಗಿದ.

ಮೇಲೆ ಬಂದ ಮೇಲೆ ಅವ್ವ ಕೊತ್ತಂಬರಿ ಸೋಸುತ್ತ ಕೇಳಿದಳು: ‘ಕೆಲಸದಾಕಿ ಅಂದ್ರ ನಿನಗ್ಯಾಕ ಅಷ್ಟ ಸಿಟ್ಟು ಬಂತು? ನನ್ನ ಕೂಡ ನಿಂತಿದ್ಳಲ್ಲ, ಆಕಿ ಸಿಂದಗಿ ಕಡಿಯಾಕಿ. ಮೂರು ಮನಿ ಭಾಂಡಿ ತಿಕ್ಕತಾಳ. ಆಕಿದೂ ಇಳಕಲ್ ಸೀರಿನ.’

ನನ್ನ ಬಳಿ ಉತ್ತರ ಇರಲಿಲ್ಲ. ನಾನು ಕೂಗಿದ್ದು ಅವ್ವನೊಬ್ಬಳಿಗಾಗಿ. ಪಕ್ಕದಲ್ಲಿ ಅದೇ ಸೀರೆ ಉಟ್ಟು ನಿಂತಿದ್ದವಳು ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಎರಡೂ ಲಿಫ್ಟು ಎಲ್ಲರಿಗೂ ಇರಲಿ ಅಂತ ಸೊಸೈಟಿ ಕಮಿಟಿಗೆ ಅರ್ಜಿ ಕೊಟ್ಟಿದ್ದೇನೆ. ಕೆಲಸದವರಿಗೆ ಈ ಲಿಫ್ಟು ಅನ್ನುವ ಬೋರ್ಡು ಇನ್ನೂ ತೆಗೆದಿಲ್ಲ. ಕಾವಲಿನ ಹುಡುಗ ಈಗ ಅವ್ವನನ್ನು ಕಂಡರೆ ದೊಡ್ಡ ಲಿಫ್ಟಿನ ಗುಂಡಿ ಒತ್ತಿ ಕಾಯುತ್ತಾನೆ. ಅವ್ವ ಮಾತ್ರ ಹನ್ನೊಂದಕ್ಕೆ ಸರಿಯಾಗಿ ಆ ಇನ್ನೊಂದರ ಕಡೆ ನಡೆಯುತ್ತಾಳೆ. ಸಿಂದಗಿಯಾಕಿ ಬರುವ ಹೊತ್ತು ಅದು.